ಅರ್ಧ ಸಮುದ್ರ ಪುಕ್ಕಟೆ

ಅಪ್ಪನ ಕೆಲಸ ಸಮುದ್ರ ಮಾಡುವುದು.
ಪಗಾರ ಚೀಟಿಯಲ್ಲಿ ಹಾಗೆ ಬರೆದಿರಲಿಲ್ಲ,
'ಹೊನ್ನೂರಪ್ಪ, ನೀರಿನ ವಿಭಾಗ' ಎಂದಷ್ಟೇ ಇತ್ತು.

ಬಳ್ಳಾರಿಯಿಂದ ಕುಡತಿನಿ ದಾರಿಯಲ್ಲಿ
ಅದಿರಿನ ಲಾರಿಗಳು ಹಗಲಲ್ಲೂ ಲೈಟು ಹಾಕಿಕೊಂಡು
ಸಾಲುಗಟ್ಟಿ ಹೋಗುತ್ತಿದ್ದ ಕಾಲ.
ಎರಡು ಲಾರಿಯ ಅಡಿವೆಪ್ಪ ನಲವತ್ತು ಲಾರಿಯ ಸಾಹುಕಾರನಾಗಿ,
ಮಗಳ ಹುಟ್ಟುಹಬ್ಬಕ್ಕೆ ಸಿಂಗಪುರಕ್ಕೆ ಹೋಗಿ ಬಂದು,
ಒಂದು ಬೆಳಗ್ಗೆ ಎರಡೆಕರೆ ಎರೆಹೊಲ ತೋಡಿಸಿ
'ಕಡಲಸಿರಿ' ಎಂದು ಬೋರ್ಡು ನಿಲ್ಲಿಸಿದ.
ಬೋರ್ಡಿನ ಮೇಲೆ ನಗುವ ಡಾಲ್ಫಿನ್ನು.
ಕೆಳಗೆ ಸಣ್ಣಕ್ಷರದಲ್ಲಿ: ಶೀಘ್ರದಲ್ಲೇ ಬರಲಿದೆ.

ಅಪ್ಪ ಸಮುದ್ರ ನೋಡಿರಲಿಲ್ಲ.
ಮಂಗಳೂರಿನಿಂದ ಬಂದ ಒಬ್ಬ ಮೇಸ್ತ್ರಿ
ಲೋಟದಲ್ಲಿ ಉಪ್ಪು ಕದಡಿ, ಕುಡಿಸಿ,
"ಇಷ್ಟು. ನಾಲಗೆಗೆ ಇಷ್ಟು" ಎಂದು ಕಲಿಸಿ ಹೋದ.
ಅಂದಿನಿಂದ ನಾಲಗೆಯೇ ಮೀಟರು.
ಮೂಟೆ ಬಿಚ್ಚುವುದು, ಸುರಿಯುವುದು, ಕೋಲಿನಿಂದ ತಿರುವುವುದು,
ಅಂಗೈಯಲ್ಲಿ ಹಿಡಿದು ನೆಕ್ಕುವುದು, ಉಗುಳುವುದು.
"ನಮ್ಮ ಬೋರಿನ ನೀರು ಮೊದಲೇ ಸವುಳು, ಧಣಿ,
ಅರ್ಧ ಸಮುದ್ರ ಪುಕ್ಕಟೆ" ಎಂದು
ಸಾಹುಕಾರನನ್ನು ನಗಿಸಿದ್ದನಂತೆ.
ಆ ಮಾತಿಗೆ ನೂರು ರೂಪಾಯಿ ಇನಾಮು.

ಡಾಲ್ಫಿನ್ನು ಬರಲಿಲ್ಲ. ಪರವಾನಗಿ ದಿಲ್ಲಿಯಲ್ಲಿದೆ ಎಂದರು.
ಜನ ಬಂದರು. ಹತ್ತು ರೂಪಾಯಿ ಕೊಟ್ಟು
ಡಾಲ್ಫಿನ್ನು ಬರಲಿರುವ ತೊಟ್ಟಿಯನ್ನು ನೋಡಿದರು.
ಮೋಕಾದಿಂದ ಟ್ರ್ಯಾಕ್ಟರಿನಲ್ಲಿ ಬಂದ ಹೆಂಗಸರು
ಖಾಲಿ ನೀರಿಗೆ ಅರಿಶಿನ ಕುಂಕುಮ ಹಾಕಿ ಕೈಮುಗಿದರು.
ಬಲೆಯಿಂದ ಅದನ್ನು ಬಳಿದು ತೆಗೆಯುತ್ತ
ಅಪ್ಪ ಬೈಯಲಿಲ್ಲ.

ಬಂದದ್ದು ಒಂದು ಕಡಲಸಿಂಹ.
ಎಲ್ಲೋ ಮುಚ್ಚಿಹೋದ ಇಂಥದೇ ಪಾರ್ಕಿನಿಂದ,
ಅದಕ್ಕೂ ಮೊದಲು ಮುಚ್ಚಿಹೋದ ಇನ್ನೊಂದರಿಂದ,
ಕೈಯಿಂದ ಕೈಗೆ, ಹಳೇ ಲೂನಾದ ಹಾಗೆ.
ಕಣ್ಣಿಗೆ ಪೊರೆ. ಕೇಸರ ಇಲ್ಲ.
"ಸಿಂಹ ಅಂತ ಟಿಕೆಟು ಕೊಟ್ಟು ಎಮ್ಮಿಕರ ತೋರಿಸ್ತೀರೇನು"
ಎಂದು ಕೌಲ್‌ಬಜಾರಿನ ಹುಡುಗರು ಜಗಳಕ್ಕೆ ಬಿದ್ದರು.
ಅದರ ಹೆಸರು ಯಾರಿಗೂ ಗೊತ್ತಿರಲಿಲ್ಲ,
ಕಾಗದದಲ್ಲಿ ಬರೀ ನಂಬರು.
ಅಪ್ಪ ಸೀಟಿ ಊದಿದರೆ ಒಂದು ರೆಕ್ಕೆ ಎತ್ತುತ್ತಿತ್ತು,
ಯಾರು ಕಲಿಸಿದ್ದೋ, ಯಾವ ಭಾಷೆಯಲ್ಲೋ.
ಮೀನು ಕೊಡದಿದ್ದರೂ ಎತ್ತುತ್ತಿತ್ತು.

ಏಪ್ರಿಲ್ಲಿನಲ್ಲಿ ಐಸು. ಫ್ಯಾಕ್ಟರಿಯಿಂದ ದಿಮ್ಮಿ ದಿಮ್ಮಿ,
ಹೊಟ್ಟಿನಲ್ಲಿ ಸುತ್ತಿ, ಆಟೋದಲ್ಲಿ.
ಗೇಟಿಗೆ ಬರುವಷ್ಟರಲ್ಲಿ ಕಾಲು ಭಾಗ ರಸ್ತೆಯ ಪಾಲು.
ಕೆಂಪು ಧೂಳಿಗೆ ಮಾತ್ರ ಬಾಡಿಗೆ ಕೊಡಬೇಕಿರಲಿಲ್ಲ,
ತಾನೇ ಬಂದು ಕೂರುತ್ತಿತ್ತು
ನೀರಿನ ಮೇಲೆ, ಅದರ ಮೀಸೆಯ ಮೇಲೆ.

ಗಣಿ ನಿಂತ ವರ್ಷ ಐಸೂ ನಿಂತಿತು.
ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂದು
ಹೋಟೆಲಿನಲ್ಲಿ ಪೇಪರು ಬಿಡಿಸಿ ಜನ ಆಡಿಕೊಂಡರು.
ನೀರಲ್ಲಿ ಉಳಿದದ್ದು ಅದೊಂದೇ.
ಪಂಪು ಬಂದ್. ಮೊಣಕಾಲುದ್ದದ ಬಿಸಿನೀರಲ್ಲಿ
ಮೂರು ದಿನ ಮಲಗಿತ್ತು.
ಅಪ್ಪ ಸೀಟಿ ಊದಲಿಲ್ಲ.
"ಊದಿದ್ರೆ ಎತ್ತುತಿತ್ತು, ಅದಕ್ಕೇ" ಎಂದ
ಬಹಳ ವರ್ಷದ ಮೇಲೆ, ಊಟದ ನಡುವೆ.
ಹೂತದ್ದು ಬೋರ್ಡಿನ ಹಿಂದೆ.
ಜೆಸಿಬಿಯ ಬಾಡಿಗೆ ಅಪ್ಪನದೇ.

ಈಗ ಆ ತೊಟ್ಟಿ ಜೀನ್ಸ್ ತೊಳೆಯುವ ಘಟಕದ್ದು.
ನಾನು ಅಲ್ಲೇ ಕೆಲಸಕ್ಕೆ.
ಡಾಲ್ಫಿನ್ನಿನ ಅರ್ಧ ಮುಖ ಗಾಳಿಗೆ ಹೋಗಿದೆ,
'ಬರಲಿದೆ' ಉಳಿದಿದೆ.
ತೊಟ್ಟಿಯ ತುಂಬ ನೀಲಿ,
ಅಷ್ಟು ನೀಲಿ ಅಪ್ಪನ ಕಾಲದಲ್ಲೂ ಇರಲಿಲ್ಲ.
ಪ್ಯಾಂಟುಗಳು ಕಾಲು ಚಾಚಿ ಮುಳುಗುತ್ತವೆ, ಏಳುತ್ತವೆ.
ಬಣ್ಣ ಮಾಸಲೆಂದು ಮಿಷನ್ನಿಗೆ ತೂತು ತೂತಿನ ಕಲ್ಲು ಸುರಿಯುತ್ತಾರೆ,
ಯಾವುದೋ ಸಮುದ್ರದ ಬೆಂಕಿಬೆಟ್ಟದ್ದಂತೆ.

ಒಂದನ್ನು ಸೆರಗಿನಲ್ಲಿ ಕಟ್ಟಿ ತಂದೆ.
ಅಪ್ಪನಿಗೆ ಬಿಪಿ. ಡಾಕ್ಟರು ಉಪ್ಪು ಬಿಡಿಸಿದ್ದಾರೆ.
ಸಪ್ಪೆ ಸಾರಿಗೆ ಮುಖ ತಿರುವಿ ಕೂತಿದ್ದ.
ಬಕೆಟ್ಟಿಗೆ ಹಾಕಿದೆ. ಕಲ್ಲು ತೇಲಿತು.
ನೋಡಿದ. ಬೆರಳಿಂದ ಒತ್ತಿದ. ಮುಳುಗಿ ಎದ್ದಿತು.
ಮತ್ತೆ ಒತ್ತಿದ.
ನಾನು ನೋಡುತ್ತಿಲ್ಲ ಎಂದುಕೊಂಡು
ಬೆರಳು ನೆಕ್ಕಿದ.
"ಇನ್ನೂ ಎರಡು ಮೂಟಿ ಬೇಕು" ಅಂದ.