ಹತ್ತನೇ ಅಳತೆಯ ಬೂಟು

ಕಂದು ಲಕೋಟೆ ಬಂದದ್ದು ಮಂಗಳವಾರ.
ಮೀನು ಸೀಳಿ ಬಂದ ಕೈಯಲ್ಲೇ ಹರಿದೆ.
ನಲವತ್ತೇಳು ವಾರ, ವಾರಕ್ಕೆ ಐವತ್ತೆರಡು ಪೌಂಡಿನಂತೆ
ತಪ್ಪಾಗಿ ಸಂದಾಯವಾದ ಬಾಡಿಗೆ ನೆರವು:
ಎರಡು ಸಾವಿರದ ನಾನೂರ ನಲವತ್ತನಾಲ್ಕು.
ಕಾರಣ ಒಂದೇ ಸಾಲು:
ನಿಮ್ಮ ಮನೆಯಲ್ಲಿ ಗಂಡಸೊಬ್ಬ ವಾಸವಾಗಿದ್ದಾನೆ.

ನಿಜ ಹೇಳುತ್ತೇನೆ, ಒಂದು ಕ್ಷಣ
ಅಡುಗೆಮನೆಯ ಬಾಗಿಲ ಕಡೆ
ತಿರುಗಿ ನೋಡಿದೆ.

ಹಲ್ ಶಹರ, ಹನ್ನೊಂದನೇ ಅಂತಸ್ತು.
ಲಿಫ್ಟು ಕೆಟ್ಟ ದಿನ ಮೆಟ್ಟಿಲ ಮೇಲೆ ಹುಡುಗರು ಕೂತಿರುತ್ತಾರೆ.
ಒಮ್ಮೆ ಅವರಲ್ಲೊಬ್ಬ ಹಿಂದೆಯೇ ಬಂದ,
ಬೀಗದಲ್ಲಿ ಕೀಲಿ ತಿರುಗುವವರೆಗೂ
ನನ್ನ ಕತ್ತಿನ ಮೇಲೆ ಉಸಿರು ಬಿಡುತ್ತ ನಿಂತ.
ಮಾರನೇ ದಿನ ಚಾರಿಟಿ ಅಂಗಡಿಯಿಂದ
ಮೂರು ಪೌಂಡಿಗೆ ಬೂಟು ತಂದೆ, ಹತ್ತನೇ ಅಳತೆ, ಉಕ್ಕಿನ ಮೂತಿ,
ಯಾರೋ ಕೊಂಡು ತೊಡದೇ ಕೊಟ್ಟದ್ದು.
ಬಾಗಿಲ ಹೊರಗೆ ಇಟ್ಟೆ, ತುಸು ಓರೆಯಾಗಿ,
ಈಗತಾನೆ ಕಳಚಿ ಒಳಗೆ ಹೋದವನ ಹಾಗೆ.
ಕರೆಗಂಟೆಯ ಚೀಟಿಯಲ್ಲಿ ನನ್ನ ಹೆಸರಿನ ಮೇಲೆ
ಇನ್ನೊಂದು ಬರೆದೆ: ಆರ್. ಸ್ಟಬ್ಲಿ.
ಆರ್ ಅಂದರೆ ಏನೂ ಅಲ್ಲ,
ಪೆನ್ನಿಗೆ ತೋಚಿದ ಅಕ್ಷರ.

ರಾತ್ರಿ ಹೆಜ್ಜೆಸಪ್ಪಳ ಕೇಳಿದರೆ
ಒಳಗಿಂದಲೇ ಕೂಗುತ್ತಿದ್ದೆ:
"ರೆಜ್, ಟೀ ಆರಿಹೋಗ್ತಿದೆ!"
ಆಮೇಲೆ ಆರಿದ್ದನ್ನು ನಾನೇ ಕುಡಿಯುತ್ತಿದ್ದೆ.

ಕೌನ್ಸಿಲ್ಲಿನವನು ಬಂದಾಗ ನಾನು ಕೆಲಸದಲ್ಲಿದ್ದೆ.
ಬೂಟು ನೋಡಿದ. ಚೀಟಿ ಓದಿದ.
ಪಕ್ಕದ ಮನೆಯ ಓಡುಯಾಳನ್ನು ಕೇಳಿದ.
"ಇದ್ದಾರೆ, ಒಳ್ಳೆಯ ಮನುಷ್ಯ, ದನಿಯೇ ಎತ್ತುವುದಿಲ್ಲ" ಅಂದಳಂತೆ.
ಪಾಪ, ನನಗೆ ಒಳ್ಳೆಯದಾಗಲಿ ಅಂತಲೇ ಅಂದಳು.

ಬೆರ್ಚಪ್ಪನನ್ನು ನಿಲ್ಲಿಸಿದ್ದು ಹಕ್ಕಿ ಹೆದರಲಿ ಅಂತ.
ಹಕ್ಕಿ ಹೆದರಿತೋ ಇಲ್ಲವೋ,
ಸರ್ಕಾರ ಮಾತ್ರ ಬೆರ್ಚಪ್ಪನಿಗೆ ಸಂಬಳ ಕಟ್ಟಿ
ಆ ಲೆಕ್ಕವನ್ನು ನನ್ನ ತಲೆಗೆ ಹಾಕಿತು.

ಆಕ್ಷೇಪಿಸಲು ಒಂದು ತಿಂಗಳು.
ಲೈಬ್ರರಿಯ ಮೂಲೆಯಲ್ಲಿ, ಗುರುವಾರಗಳಂದು,
ಇಮೋಜೆನ್ ಎಂಬ ಹುಡುಗಿ ಪುಕ್ಕಟೆ ಸಲಹೆ ಕೊಡುತ್ತಾಳೆ.
"ಅವರು ಅಲ್ಲಿಲ್ಲ ಅನ್ನುವುದಕ್ಕೆ ಪುರಾವೆ ಬೇಕು" ಅಂದಳು.
ಇದ್ದವನಿಗಾದರೆ ರಸೀತಿ ಇರುತ್ತದೆ ಮಗಳೇ,
ಇಲ್ಲದವನಿಗೆ ಎಲ್ಲಿಂದ ತರಲಿ?
ನೀರಿನ ಮೀಟರಿನ ಅಂಕಿ ಕೊಟ್ಟೆ.
ಅರ್ಧ ಬ್ರೆಡ್ಡಿನ ಬಿಲ್ಲುಗಳನ್ನು ಕೊಟ್ಟೆ.
ಲೋಟದಲ್ಲಿ ಒಂಟಿ ಹಲ್ಲುಜ್ಜುವ ಬ್ರಷ್ಷು, ಅದರ ಫೋಟೊ.
ನಾನು ಒಬ್ಬಳೇ ಇದ್ದೇನೆ:
ಮೂರು ಪದ. ಬರೆಯಲು
ಎರಡು ಗುರುವಾರ ಹಿಡಿಯಿತು.

ನ್ಯಾಯಮಂಡಳಿ ಅಂದರೆ ಒಂದು ಕೋಣೆ, ನೀರಿನ ಜಗ್ಗು,
ನೆಗಡಿಯಾದ ಜಡ್ಜಮ್ಮ.
ಸಾಮಾನಿನ ಚೀಲದಿಂದ ಬೂಟು ತೆಗೆದು ಮೇಜಿನ ಮೇಲಿಟ್ಟೆ.
ಕೌನ್ಸಿಲ್ಲಿನ ಹುಡುಗ ತನ್ನ ಕಾಗದಗಳನ್ನು ಪಕ್ಕಕ್ಕೆಳೆದುಕೊಂಡ.
ಆಕೆ ಬೂಟು ಬೋರಲು ಹಾಕಿದಳು.
ಅಟ್ಟೆಯಲ್ಲಿ ಚೂರು ಮಣ್ಣಿಲ್ಲ, ಒಂದು ಕಲ್ಲು ಸಿಕ್ಕಿಲ್ಲ,
ಹಿಮ್ಮಡಿಯಲ್ಲಿ ಹಳದಿ ಚೀಟಿ, ಮೂರು ಪೌಂಡು.
ತುಂಬ ಹೊತ್ತು ನೋಡಿದಳು.

"ಇವರ ಹೆಸರು?"
ರೆಜ್ ಅಂದೆ.
"ಇದ್ದಾರೆಯೇ?"
ಇಲ್ಲ ಅಂದೆ.
ನಾನೇ ಹುಟ್ಟಿಸಿದವನು, ನನಗೆ ಗೊತ್ತಿಲ್ಲವೇ,
ಆದರೂ ಆ ಮಾತಿಗೆ ಗಂಟಲು ಯಾಕೆ ಕಟ್ಟಿತೋ.

ಒಂಬತ್ತು ದಿನಕ್ಕೆ ಆದೇಶ ಬಂತು.
ಕೌನ್ಸಿಲ್ಲಿನ ತೀರ್ಮಾನ ರದ್ದು, ಒಂದು ಪೆನ್ನಿಯೂ ಕಟ್ಟಬೇಕಿಲ್ಲ.
ಕೆಳಗೆ, ನಾಲ್ಕನೇ ಸಾಲಿನಲ್ಲಿ:
ಮೇಲ್ಮನವಿದಾರರು ಏಕಾಂಗಿಯಾಗಿ ವಾಸಿಸುತ್ತಾರೆಂದು
ಈ ಮಂಡಳಿಗೆ ಮನವರಿಕೆಯಾಗಿದೆ.
ಸಹಿ. ತಾರೀಖು.
ಗೆದ್ದ ಕಾಗದ ಅದು.
ಫ್ರಿಜ್ಜಿನ ಮೇಲೆ ಅಂಟಿಸಲು ಮಾತ್ರ ಕೈ ಬರಲಿಲ್ಲ.

ಓಡುಯಾ ಕೋಳಿ ಅನ್ನ ತಂದಳು, ಎರಡು ತಟ್ಟೆಯಷ್ಟು.
ಇಬ್ಬರಿಗೂ ಆಗುತ್ತೆ ಅಂದಳು.
ನಾನು ಬಾಯಿ ಬಿಡಲಿಲ್ಲ.

ಆದೇಶದ ನಕಲನ್ನು ನಾಲ್ಕಾಗಿ ಮಡಿಸಿ
ಎಡ ಬೂಟಿನೊಳಗೆ ತುರುಕಿದೆ,
ಮುಂದಿನ ಸಲ ಬರುವವನು ಓದಿಕೊಳ್ಳಲಿ.
ಮತ್ತೆ ಹೊಸ್ತಿಲಾಚೆ ಇಟ್ಟೆ, ತುಸು ಓರೆಯಾಗಿ.
ಲಿಫ್ಟು ಇವತ್ತೂ ಕೆಟ್ಟಿದೆ.