ಶಿರವಾಡ, ಮೂರನೇ ಲೈನು

ಗೂಡ್ಸು ಬಂದು ನಿಂತಾಗ ರಾತ್ರಿ ಎರಡೂ ಹತ್ತು.
ಬೆನ್ನ ಮೇಲೆ ಸಾಲು ಲಾರಿ, ಲಾರಿಯೊಳಗೆ ನಿದ್ದೆಹೋದ ಡ್ರೈವರುಗಳು,
ಒಂದು ಕ್ಯಾಬಿನ್ನಿನಲ್ಲಿ ಸ್ಟವ್ವಿನ ನೀಲಿ.
ನೋಡದವಳ ಹಾಗೆ ದಾಟಿದೆ.
ನನ್ನ ಕೈಯಲ್ಲಿ ಬ್ಯಾಟರಿ,
ಬಸ್ತ್ಯಾಂವ ಮೇಸ್ತ್ರಿ ಕೈಯಲ್ಲಿ ಉದ್ದ ಹಿಡಿಯ ಸುತ್ತಿಗೆ.

ಠಣ್. ಠಣ್.
ಗಾಲಿ ನೆಟ್ಟಗಿದ್ದರೆ ದನಿ ಸ್ವಲ್ಪ ಹೊತ್ತು ನಿಲ್ಲುತ್ತದೆ,
ಊಟ ಮುಗಿದ ಮೇಲೂ ಎಲೆ ಮುಂದೆ ಕೂತ ನೆಂಟರ ಹಾಗೆ.
ಹದಿನೇಳನೇ ವ್ಯಾಗನ್ನಿನಲ್ಲಿ
ಠಪ್.
ಮೇಸ್ತ್ರಿ ಏನೂ ಅನ್ನಲಿಲ್ಲ. ಇನ್ನೊಮ್ಮೆ ಬಡಿದರು.
ಠಪ್.

ಬಗ್ಗಿ ಬೆಳಕು ಬಿಟ್ಟೆ.
ಹಳಿ ತಾಗುವಲ್ಲಿ ಅಂಗೈಯಗಲ ಚಪ್ಪಟೆ,
ಅದರ ಮೇಲೆ ಬೆಳ್ಳಗೆ ಹೊಳೆಯುವ ಪದರ,
ಪದರದ ಅಂಚಿನಿಂದ ಒಳಕ್ಕೆ ಹೊರಟ ಕೂದಲೆಳೆ ಬಿರುಕು.
ಯಾವುದೋ ಸುರಂಗದಲ್ಲಿ ಬ್ರೇಕು ಕಚ್ಚಿಕೊಂಡು ಬಿಟ್ಟಿರಲಿಲ್ಲ.
ಉರುಳಬೇಕಾದದ್ದು ಜಾರಿತ್ತು.
ಜಾರಿದ ಗಳಿಗೆ ಆ ಚೂರು ಜಾಗ ಕೆಂಪಗೆ ಕಾದು,
ಮರುಗಳಿಗೆ ತಣ್ಣಗಿದ್ದ ಉಳಿದ ಮೈ ಕಾವನ್ನೆಲ್ಲ ಹೀರಿಕೊಂಡು
ಉಕ್ಕು ಗಾಜಾಗಿತ್ತು.
ಇಡೀ ಗಾಲಿಯಲ್ಲಿ ಎಲ್ಲಕ್ಕಿಂತ ಗಟ್ಟಿ ಜಾಗ ಅದು.
ಮೊದಲು ಒಡೆಯುವುದೂ ಅದೇ.

ಸುಂಕೇರಿಯಲ್ಲಿ ನಮ್ಮಜ್ಜ ಮಂಜಯ್ಯ ಆಚಾರಿಯ ಕುಲುಮೆ.
ಮೀಸೆ ಚಿಗುರುವ ವಯಸ್ಸಿನಲ್ಲಿ ಅವನು ಮಾಡಿಕೊಟ್ಟ ಉಳಿ,
ಕಾಳಿನದಿಯ ಬಂಡೆಯಿಂದ ಕಲ್ವ ಎಬ್ಬಿಸುವುದಕ್ಕೆ,
ಮೂರೇ ದಿನಕ್ಕೆ ತುಂಡಾಯಿತಂತೆ.
ಗುಲಾಬಿ ಹರಿಕಂತ್ರ ಎರಡು ತುಂಡನ್ನೂ ತಂದು
ಅಡಿಗಲ್ಲಿನ ಮೇಲೆ ಒಗೆದಳಂತೆ:
‘ನಿನ್ನ ಕಬ್ಬಿಣಕ್ಕೆ ಸಿಟ್ಟು ಜಾಸ್ತಿ ಆಚಾರಿ.’
ಆಮೇಲೆ ಅಜ್ಜ ಬಾಯಿಗಷ್ಟೇ ನೀರು ಕುಡಿಸುತ್ತಿದ್ದ,
ಬೆನ್ನಿಗೆ ಇಲ್ಲ.
ಬೆನ್ನಲ್ಲಿ ಉಳಿದ ಬಿಸಿ ಬಾಯಿಯ ಕಡೆಗೆ ಹರಿದು
ಒಣಹುಲ್ಲಿನ ಬಣ್ಣ ಓಡಿ ಬರುವ ತನಕ
ಉಸಿರು ಹಿಡಿದು ಕಾಯುತ್ತಿದ್ದ.
ಆ ಹೊತ್ತಿನಲ್ಲಿ ಮಾತಾಡಿಸಿದರೆ ಬೈಗುಳ ತಪ್ಪದು.
ಹನ್ನೊಂದು ವರ್ಷದ ಮೇಲೆ ಗುಲಾಬಿ ಮತ್ತೆ ಬಂದಳು,
ಕಿರುಬೆರಳಿನಷ್ಟಾದ ಉಳಿ ಹಿಡಿದು:
‘ಮುರಿಲಿಲ್ಲ. ಸವದೋಯ್ತು. ಇಂಥದ್ದೇ ಇನ್ನೊಂದು ಮಾಡು.’

ಕೊಯ್ದ ಗಾಲಿಯ ಚೂರು ಪ್ರಯೋಗಾಲಯಕ್ಕೆ ಹೋಯಿತು.
ನಾಲ್ಕು ತಿಂಗಳಿಗೆ ಉತ್ತರ, ಜೊತೆಗೆ ಎಂಟು ಹೊಸ ಗಾಲಿ:
ಇಂಗಾಲ ತುಸು ಕಡಿಮೆ, ವೆನೇಡಿಯಂ ಚಿಟಿಕೆ,
ಸುತ್ತಂಚಿಗೆ ನೀರಿನ ಸಿಡಿತ, ನಡುವಿಗೆ ಇಲ್ಲ.
ಓದಿ ಒಬ್ಬಳೇ ನಕ್ಕೆ.
ಕೆಳಗೆ ಸಹಿ ಮಾಡಿದವರು ಯಾರೋ ಡಾಕ್ಟರು,
ಸುಂಕೇರಿ ಕಂಡವರಲ್ಲ.

ಎರಡು ಮಳೆಗಾಲ ಕಳೆಯಿತು.
ಉಪ್ಪುಗಾಳಿಗೆ ನನ್ನ ಗೇಜಿಗೇ ತುಕ್ಕು;
ಅಳೆಯುವ ಮೊದಲು ಅದಕ್ಕೇ ಎಣ್ಣೆ ಉಜ್ಜಬೇಕು.
ರಿಟೈರಾದ ಬಸ್ತ್ಯಾಂವ ಮೇಸ್ತ್ರಿ ಅಸ್ನೋಟಿಯಿಂದ ಫೋನು ಮಾಡುತ್ತಾರೆ:
‘ಈಗ ಹೋಯ್ತಲ್ಲ, ನಿನ್ನ ಗಾಲಿ ಇತ್ತು ಅದರಲ್ಲಿ.’
ಹೇಗೆ ಗೊತ್ತಾಯಿತು?
‘ಗೊತ್ತಾಗಲಿಲ್ಲ. ಎಚ್ಚರ ಆಗಲಿಲ್ಲ ನೋಡು, ಅದಕ್ಕೇ.’
ಎಚ್ಚರವಿಲ್ಲದೆ ಫೋನು ಹೇಗೆ ಮಾಡಿದಿರಿ ಎಂದು ನಾನೂ ಕೇಳಲಿಲ್ಲ.

ಇವತ್ತಿನ ಪುಟ.
ಸವೆತ: ಪಾಯಿಂಟ್ ನಾಲ್ಕು, ಪಾಯಿಂಟ್ ಐದು, ಪಾಯಿಂಟ್ ನಾಲ್ಕು.
ಬಿರುಕು: ಇಲ್ಲ. ಇಲ್ಲ. ಇಲ್ಲ. ಇಲ್ಲ.
ಐದನೆಯದರ ಮೈಯಲ್ಲಿ ಜೀರಿಗೆಯಷ್ಟು ಒಂದು ಕುಳಿ.
ಇದು ಉಪ್ಪಿನದೋ, ಸಿಟ್ಟಿನದೋ?
ಉಗುರಿನಿಂದ ಕೆರೆದೆ, ಎಣ್ಣೆ ಒರೆಸಿದೆ, ಮತ್ತೆ ನೋಡಿದೆ.
ಪೆನ್ನು ಕಿವಿಗೆ ಸಿಕ್ಕಿಸಿ
ಮೇಸ್ತ್ರಿ ಬಿಟ್ಟುಹೋದ ಸುತ್ತಿಗೆ ಎತ್ತಿದೆ.
ಸಿಗ್ನಲ್ಲು ಹಸಿರಾಗಲು ಇನ್ನೂ ಆರು ನಿಮಿಷವಿದೆ.