ಚೆಕ್ಕುಬಂದಿ

ಸುವರ್ಣ ಮಹೋತ್ಸವದ ಪುಸ್ತಕಕ್ಕೆ
ಒಂದು ಪುಟ ಬೇಕಂತೆ: ಅರ್ಧ ಭೂಗೋಳ, ಅರ್ಧ ಚರಿತ್ರೆ.
ಮೂವತ್ತೊಂದು ವರ್ಷ ಇಲ್ಲಿ ಟೈಪು ಕುಟ್ಟಿದವ ನಾನು,
ಪರರ ಮಾತಿಗೆ ಮೂರು ಮೂರು ಪ್ರತಿ ತೆಗೆದವ.
ಸ್ವಂತದ್ದು ಬರೆಯಲು ಕೂತರೆ
ಬೆರಳಿಗೆ ಬಂದದ್ದು ದಾನಪತ್ರದ ಧಾಟಿ.

ಕುಷ್ಟಗಿಯಿಂದ ಹದಿನಾಲ್ಕು ಮೈಲು, ಮೌಜೆ ಕೆಮ್ಮರಡಿ.
ಪೂರ್ವಕ್ಕೆ: ದೊಡ್ಡನಗೌಡರ ಎರಿ.
ಬಿಳಿಜೋಳದ ಕಸುವಿನ ನೆಲ; ಬೇಸಿಗೆಯ ಬಿರುಕಿಗೆ
ಫೂಟುಪಟ್ಟಿ ಬಿಟ್ಟರೆ ಸದ್ದಿಲ್ಲದೆ ಇಳಿದುಹೋದೀತು.
ಪಶ್ಚಿಮಕ್ಕೆ: ಹನುಮವ್ವನ ಮಸಾರಿ.
ಗರಸು, ಗುಂಡಗಲ್ಲು, ಕಾರಿ ಕಂಟಿ.
ಸಜ್ಜೆ ಬಿತ್ತಿದರೆ ಹಕ್ಕಿಗೆ ಸಾಕು, ಮನೆಗೆ ಸಾಲದು.
ಉತ್ತರಕ್ಕೆ: ಸವಳು ಹಳ್ಳ.
ವರ್ಷಕ್ಕೆ ಹನ್ನೊಂದು ದಿನ ಹಳ್ಳ, ಉಳಿದ ದಿನ ದಾರಿ.
ದಕ್ಷಿಣಕ್ಕೆ:

ದಕ್ಷಿಣಕ್ಕೆ ಏನೆಂದು ಪತ್ರದಲ್ಲಿಲ್ಲ.
ಬರೆಯುತ್ತಿದ್ದ ಯಂಕೋಬರಾಯರ ಮುಂದೆ
ಯಾರೋ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟರು.
ತಿಂದು, ಕೈ ತೊಳೆದು ಬಂದು
ಸೀದಾ ಕೆಳಗೆ ಸಹಿ ಹಾಕಿಸಿಕೊಂಡರು.

ಮೊದಲ ವರ್ಷ ಪಾಠ ನಡೆದದ್ದು ಅರಳೆ ಜಿನ್ನಿನ ಗೋದಾಮಿನಲ್ಲಿ.
ನಲವತ್ತಾರು ಹುಡುಗರು (ನನ್ನ ಹಾಜರಿ ನಂಬರು ಹತ್ತೊಂಬತ್ತು),
ಹುಡುಗಿ ಒಬ್ಬಳೇ, ಟಪಾಲಿನ ಖಾಜಾಸಾಬರ ಮಗಳು ಜೈತುನ್‌ಬಿ.
ಬೇರೆ ಬೆಂಚಿಲ್ಲದೆ ಅರಳೆ ತೂಗುವ ತಕ್ಕಡಿಯ ಮೇಲೆ ಕೂರುತ್ತಿದ್ದಳು;
ಅವಳು ಉತ್ತರ ಹೇಳಲು ಎದ್ದಾಗ
ಮುಳ್ಳು ಸೊನ್ನೆಗೆ ಹಾರುತ್ತಿತ್ತು.
ಗುಪ್ತರ ಕಾಲ ಮುಗಿಸಿ ಹೊರಬಿದ್ದರೆ
ನಮ್ಮೆಲ್ಲರ ತಲೆ ನರೆತಿರುತ್ತಿತ್ತು.

ಧಾರವಾಡದ ಕಟಗೇರಿ ಸರ್ ಟ್ರಂಕು ಸಮೇತ ಬಂದ ದಿನ
ಬಸ್ಸಿನ ಬಾಗಿಲಲ್ಲೇ ನಿಂತು ಕೇಳಿದರಂತೆ, ‘ಕಾಲೇಜು ಎಲ್ಲಪ್ಪಾ?’
‘ಬರತೈತ್ರಿ. ಮೊದಲ ನೀವು ಇಳೀರಿ’ ಅಂದನಂತೆ ಕಂಡಕ್ಟರ್.

ಗಂಟೆ ಎಂದರೆ ಭಾನಾಪುರದಿಂದ ತಂದ ರೈಲು ಹಳಿಯ ತುಂಡು.
ಹುಲಗಪ್ಪನಿಗೆ ಗಡಿಯಾರ ಬರುತ್ತಿರಲಿಲ್ಲ,
ಗಂಗಾವತಿ ಬಸ್ಸು ಮರಡಿ ಏರುವ ಸದ್ದಿಗೆ ಬಾರಿಸುವನು.
ಬಸ್ಸು ಕೆಟ್ಟ ಒಂದು ದಿನ
ಅರ್ಥಶಾಸ್ತ್ರ ಎರಡೂವರೆ ತಾಸು ನಡೆಯಿತು.

ಕಟ್ಟಡ ಎದ್ದದ್ದು ಎರಿಯ ಮೇಲೆ. ಗೌಡರ ನೆಲ, ಗೌಡರ ಮಾತು.
ಎರಡನೆಯ ಮಳೆಗೆ ನೆಲ ಉಬ್ಬಿತು,
ನಾಮಫಲಕ ಸೀಳಿತು, ದೊಡ್ಡನ ಒಂದು ಕಡೆ, ಗೌಡ ಒಂದು ಕಡೆ.
ಇಂಜಿನಿಯರು ಬಿರುಕಿಗೆ ಗಾಜಿನ ಪಟ್ಟಿ ಅಂಟಿಸಿ ಹೋದ.
ಗಾಜು ಒಡೆಯಿತು. ಮತ್ತೆ ಅಂಟಿಸಿದ.
ಯಾರೂ ಠರಾವು ಮಾಡಲಿಲ್ಲ. ಮೊದಲು ಲ್ಯಾಬಿನ ಬಾಟಲಿಗಳು,
ಆಮೇಲೆ ಗ್ರಂಥಾಲಯ, ಆಮೇಲೆ ಕುರ್ಚಿ, ಬೋರ್ಡು, ಹಳಿಯ ತುಂಡು,
ಕಾಲೇಜು ತಾನಾಗಿ ಕೆಂಪು ನೆಲಕ್ಕೆ ನಡೆದು ಬಂತು.

ಹನುಮವ್ವನ ಹೆಸರಿನ ಕಲ್ಲು ಎಲ್ಲೂ ಇಲ್ಲ.
ಹೊಲ ಯಾಕೆ ಕೊಟ್ಟೆ ಎಂದರೆ,
‘ಕಲ್ಲು ಆರಿಸಿ ಆರಿಸಿ ಸೊಂಟ ಹೋತು,
ಇನ್ನ ಓದೋ ಹುಡುಗ್ರು ಆರಿಸ್ಲಿ’ ಅನ್ನುತ್ತಿದ್ದಳು.
ಪತ್ರದಲ್ಲಿ ಅವಳ ಎಡಗೈ ಹೆಬ್ಬೆಟ್ಟಿದೆ.
ಭೂತಗನ್ನಡಿ ಹಿಡಿದರೆ ಸಮೋನ್ನತಿ ರೇಖೆಗಳು,
ನಡುವೆ ಒಂದು ಮರಡಿ.
ನಮ್ಮೂರಿಗೆ ಇರುವ ಸರಿಯಾದ ನಕ್ಷೆ ಅದೊಂದೇ.

ಇನ್ನು ದಕ್ಷಿಣ.
ಅಲ್ಲಿ ಮೊದಲು ಗಿರಿಜವ್ವ ಒಲೆ ಹೂಡಿದಳು,
ಆಮೇಲೆ ಪಂಕ್ಚರಿನ ಬಾಷಾ, ನೋಟ್‌ಬುಕ್ಕಿನ ಶೆಟ್ಟರು,
ತಿಂಗಳಿಗೆ ಹನ್ನೆರಡು ರೂಪಾಯಿ ಬಾಡಿಗೆಯ ತಗಡಿನ ಕೋಣೆಗಳು,
ತಾಂಡಾದ ಹುಡುಗಿಯರ ಹಾಸ್ಟೆಲ್ಲು, ಜೆರಾಕ್ಸು, ಪೊಲೀಸು ಚೌಕಿ.
ಮೊನ್ನೆ ತಹಶೀಲ್ದಾರರ ಕಾಗದ ಬಂತು:
ದಕ್ಷಿಣದ ಗಡಿಯನ್ನು ಕೂಡಲೇ ತಿಳಿಸುವುದು.

ಬೆಳಗಿನಿಂದ ಅಳೆಯುತ್ತ ಬಂದ ಸರ್ವೆಯವ
ಈಗ ಗಿರಿಜವ್ವನ ಮೊಮ್ಮಗಳ ಖಾನಾವಳಿಯಲ್ಲಿ
ಸರಪಳಿ ಕೆಳಗಿಟ್ಟು
ಎರಡನೇ ರೊಟ್ಟಿ ಮುರಿಯುತ್ತಿದ್ದಾನೆ.